ಬಲಗಡೆಯ ಬೋಲ್ಟು

ನನ್ನ ಅಕ್ಕ ಒಬ್ಬ ಮನುಷ್ಯನ ಮೇಲೆ ಹದಿನೆಂಟು ವರ್ಷ ಹಲ್ಲು ಮಸೆದಳು. ಅವಳ ಜೊತೆ ನಾನೂ ಮಸೆದೆ, ಆದರೆ ನನಗೆ ಮಧ್ಯೆ ಮಧ್ಯೆ ಮರೆತುಹೋಗುತ್ತಿತ್ತು. ಮದುವೆ, ಮಕ್ಕಳು, ಸೊಂಟನೋವು ಎಂದು ನೂರೆಂಟು ಬಂದುಹೋದವು. ಅಕ್ಕನಿಗೆ ಒಂದು ದಿನವೂ ಮರೆಯಲಿಲ್ಲ. ಸೇಡು ಒಳ್ಳೆಯ ಗುಣವಲ್ಲ ಎನ್ನುವವರು ಇಲ್ಲಿಗೇ ಓದು ನಿಲ್ಲಿಸಿ ತಮ್ಮ ಒಳ್ಳೆಯತನವನ್ನು ಕಾಪಾಡಿಕೊಳ್ಳಬಹುದು. ನನಗೆ ಆ ತೊಂದರೆ ಇಲ್ಲ.

ಅಕ್ಕ ಮೆಕ್ಯಾನಿಕ್. ಎಂಜಿನ್ನಿಗೆ ಕೈ ಹಾಕುವುದಿಲ್ಲ. ಅವಳದೇನಿದ್ದರೂ ಕಾರಿನ ಕೆಳಗಿನ ಕೆಲಸ. ಚಕ್ರವನ್ನು ಕಾರಿಗೆ ಹಿಡಿದಿಡುವ ಆರ್ಮುಗಳು, ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಸ್ಟೀರಿಂಗಿನ ಕೀಲುಗಳು. ಕಾರು ಒಂದು ಕಡೆ ಎಳೆಯುತ್ತದೆ, ತಿರುವಿನಲ್ಲಿ ಹೆದರಿಸುತ್ತದೆ, ನೆಟ್ಟಗೆ ಹೋಗೆಂದರೆ ಕುಡುಕನ ಹಾಗೆ ಹೋಗುತ್ತದೆ ಎಂದು ಯಾರೇ ಬಂದರೂ ಅವಳು ಮೊದಲು ನೋಡುವುದು ಅವರ ಚಪ್ಪಲಿಯನ್ನು. ಯಾವ ಕಾಲಿನದು ಎಲ್ಲಿ ಸವೆದಿದೆ ಎಂಬುದರಲ್ಲೇ ಅರ್ಧ ವಿಷಯ ತಿಳಿಯುತ್ತದಂತೆ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರು, ಬ್ರೇಕನ್ನು ಒದೆಯುವವರು, ತಿರುವಿನ ಮಧ್ಯೆ ಧೈರ್ಯ ಸಾಲದೆ ಆಕ್ಸಿಲರೇಟರಿನಿಂದ ತಟ್ಟನೆ ಕಾಲು ಕೀಳುವವರು, ಎಲ್ಲರನ್ನೂ ಚಪ್ಪಲಿಯಲ್ಲೇ ಹಿಡಿಯುತ್ತಾಳೆ. ನಮ್ಮ ಅಂಗಡಿಯಲ್ಲಿ ಅವಳದು ಲಿಫ್ಟು, ನನ್ನದು ಪಕ್ಕದ ವೀಲ್ ಅಲೈನ್‌ಮೆಂಟ್ ಮೆಷೀನು. ಅವಳು ಬಿಗಿಯುತ್ತಾಳೆ, ನಾನು ಅಳೆಯುತ್ತೇನೆ.

ಅವಳಿಗೆ ಎರಡು ಪದ್ಧತಿಗಳಿವೆ. ಅವು ಗೊತ್ತಿಲ್ಲದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಒಂದು, ಕಾಲೂರಿಸಿ ಬಿಗಿಯುವುದು. ಆರ್ಮಿನ ತುದಿಯಲ್ಲಿ ಬುಷ್ ಎಂಬ ದಪ್ಪ ರಬ್ಬರಿನ ಬಳೆ ಇರುತ್ತದೆ, ಅದರ ನಡುವೆ ಬೋಲ್ಟು. ಕಾರನ್ನು ಮೇಲೆತ್ತಿ ಚಕ್ರ ನೇತಾಡುತ್ತಿರುವಾಗಲೇ ಆ ಬೋಲ್ಟನ್ನು ಬಿಗಿದರೆ, ಕಾರು ನೆಲಕ್ಕಿಳಿದ ಗಳಿಗೆಯಿಂದ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆ. ಕಾರು ತನ್ನ ಭಾರ ತಾನು ಹೊತ್ತು ನಿಂತ ಮೇಲೆ, ಅದರ ಅಡಿಯಲ್ಲಿ ಅಂಗಾತ ಮಲಗಿ, ಮೂಗಿನ ಮೇಲೆ ಮಣ್ಣು ಸುರಿಸಿಕೊಂಡು ಬಿಗಿಯಬೇಕು. ಇದು ಎಲ್ಲ ಮೆಕ್ಯಾನಿಕ್ಕುಗಳಿಗೂ ಗೊತ್ತು. ಮಾಡುವವರು ಕಡಿಮೆ.

ಇನ್ನೊಂದು, ಕೆಂಪು ಗೆರೆ. ಅಕ್ಕನಿಗೆ ಇಪ್ಪತ್ತು ತುಂಬಿದಾಗ ಅಮ್ಮ, ಮಗಳು ಹೆಣ್ಣುಮಗಳ ಹಾಗೆ ಕಾಣಲಿ ಎಂದು ಒಂದು ಶೀಶೆ ಕೆಂಪು ಉಗುರುಬಣ್ಣ ತಂದುಕೊಟ್ಟಳು. ಅಕ್ಕ ಅದನ್ನು ಮರುದಿನವೇ ಗ್ಯಾರೇಜಿಗೆ ಒಯ್ದಳು. ಬೋಲ್ಟು ಬಿಗಿದ ಮೇಲೆ ನಟ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದೇ ಗೆರೆ. ನಟ್ಟು ಒಂದು ಕೂದಲೆಳೆ ತಿರುಗಿದರೂ ಗೆರೆ ಮುರಿಯುತ್ತದೆ. ಬಿಗಿದ ಮೇಲೆಯೇ ಎಳೆಯಬೇಕು, ಮೊದಲೇ ಎಳೆಯಬಾರದು. ಅಮ್ಮ ವಾರವಿಡೀ ಮಾತು ಬಿಟ್ಟಿದ್ದಳು. ಆಮೇಲೆ ಪ್ರತಿ ವರ್ಷ ಅವಳೇ ಹೊಸ ಶೀಶೆ ತರುತ್ತಿದ್ದಳು.

ಈಗ ಆ ಮನುಷ್ಯನ ವಿಷಯ. ಅಕ್ಕ ಮೊದಲು ಕೆಲಸಕ್ಕಿದ್ದ ಗ್ಯಾರೇಜಿನ ಒಡೆಯ ಅವನು. ಎಲ್ಲರೂ ಯಜಮಾನ್ರು ಎನ್ನುತ್ತಿದ್ದರು, ಅಕ್ಕ ಇವತ್ತಿಗೂ ಹಾಗೇ ಎನ್ನುತ್ತಾಳೆ. ನನ್ನ ಬಾಯಲ್ಲಿ ಅವನಿಗೆ ಬಹುವಚನ ಬರುವುದಿಲ್ಲ, ಕ್ಷಮಿಸಿ. ಗ್ಯಾರೇಜಿನಲ್ಲಿ ಬಿಳಿ ಅಂಗಿ ಹಾಕುವ ಆಸಾಮಿ. ಹೊಟ್ಟೆ ದೊಡ್ಡದು, ಬೆನ್ನು ಬಾಗಿಸುವುದೆಂದರೆ ಆಗದು, ಕಾರಿನ ಅಡಿಗೆ ಹೋಗುವುದಂತೂ ದೂರ. ಏನೇ ಇದ್ದರೂ ಕಾರನ್ನು ಎತ್ತಿ ನಿಲ್ಲಿಸಿ, ನಿಂತಲ್ಲಿಂದಲೇ ಬಿಗಿದುಬಿಡುತ್ತಿದ್ದ. ಅಕ್ಕನಿಗೆ ಕೆಲಸ ಕಲಿಸಿದವನೂ ಅವನೇ. ಅದನ್ನು ಹೇಳದಿದ್ದರೆ ಅಕ್ಕ ಬೈಯುತ್ತಾಳೆ, ಅದಕ್ಕೆ ಹೇಳಿದ್ದೇನೆ.

ಹತ್ತೊಂಬತ್ತು ವರ್ಷದ ಕೆಳಗೆ ಆ ಗ್ಯಾರೇಜಿಗೆ ಹಲ್ಲಿನ ಡಾಕ್ಟರೊಬ್ಬರ ಕಾರು ಬಂತು. ಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚುವ ಟಾಪು, ಕೈಯಿಂದ ಹಾಕುವ ಗೇರು, ಎಂಜಿನ್ನು ತಿರುಗಿಸುವುದು ಹಿಂದಿನ ಚಕ್ರಗಳನ್ನು. ಹಿಂದಿನ ಎರಡೂ ಬುಷ್‌ಗಳನ್ನು ಅಕ್ಕ ಬದಲಿಸಿ, ಕಾಲೂರಿಸಿ ಬಿಗಿದಳು. ಮೂರನೆಯ ದಿನ ಡಾಕ್ಟರು ಕೆರೆಯ ಪಕ್ಕದ ಬಲ ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದರು. ಕಾರಿನ ಹಿಂಭಾಗ ಸುತ್ತಿ ಬಂದು, ಮುಂಭಾಗ ಕಲ್ಲಿನ ಗೋಡೆಗೆ ಹೋಗಿ ಹೊಡೆಯಿತು. ಅವರ ಬಲಗೈ ಮೂರು ಕಡೆ ಮುರಿಯಿತು. ಮತ್ತೆ ಯಾರ ಬಾಯಲ್ಲೂ ಅವರು ಆ ಕೈ ಇಡಲಿಲ್ಲ.

ಕಾರನ್ನು ಪರೀಕ್ಷೆ ಮಾಡಿದವನು ಯಜಮಾನ. ಮೆಕ್ಯಾನಿಕ್ಕರ ಸಂಘದ ನೋಟಿಸ್ ಬೋರ್ಡಿನಲ್ಲಿ ತನ್ನ ಸಹಿ ಹಾಕಿ ಕಾಗದ ಅಂಟಿಸಿದ. ಬಲಗಡೆಯ ಹಿಂದಿನ ಬೋಲ್ಟು ಸಡಿಲವಿತ್ತು, ತಾನೇ ಕಂಡು ಬಿಗಿದೆ, ಇಂಥವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮುನ್ನ ಯೋಚಿಸಿ ಎಂದು. ಎಲ್ಲರೆದುರು ಒಂದು ಮಾತನ್ನೂ ಸೇರಿಸಿದ: "ಹೆಂಗಸಿನ ಕೈ ನೋಡಿ, ಸಡಿಲ." ಅಕ್ಕ ಕೇಳಿದಳು, "ಬಲಕ್ಕೆ ತಿರುಗೋವಾಗ ಭಾರ ಬೀಳೋದು ಎಡಗಡೆ ಚಕ್ರದ ಮೇಲೆ. ಬಲಗಡೆ ಬೋಲ್ಟು ಸಡಿಲ ಇದ್ರೆ ಇಷ್ಟು ಜೋರಾಗಿ ಯಾಕೆ ಸುತ್ತುತ್ತೆ? ಕಾರು ತೋರ್ಸಿ ನಂಗೆ." ಯಾರೂ ತೋರಿಸಲಿಲ್ಲ. ತಪ್ಪು ಮಾಡಿದ್ದಲ್ಲದೆ ಬಾಯಿ ಬೇರೆ ಜೋರು ಎಂದರು. ಅವತ್ತಿನಿಂದ ಅವಳ ಹೆಸರು ಸಡಿಲಕ್ಕ.

ಆರು ವರ್ಷ ಅವಳಿಗೆ ಯಾರೂ ಕೆಲಸ ಕೊಡಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡಿದಳು. ಅಮ್ಮ ಪ್ರತಿ ಬೆಳಗ್ಗೆ ಕಾಫಿಗೆ ನೀರಿಡುವ ಮುನ್ನ ಯಜಮಾನನಿಗೆ ಒಂದು ಶಾಪ ಹಾಕುತ್ತಿದ್ದಳು, ಒಂದು ದಿನ ಹಾಕಿದ್ದನ್ನು ಇನ್ನೊಂದು ದಿನ ಹಾಕುತ್ತಿರಲಿಲ್ಲ. ನನಗೆ ಅವನ ಗ್ಯಾರೇಜಿನ ಗಾಜು ಒಡೆಯಬೇಕು ಅನ್ನಿಸುತ್ತಿತ್ತು. ಅಕ್ಕ ಮಾತ್ರ ಏನೂ ಅನ್ನುತ್ತಿರಲಿಲ್ಲ. ಯಾಕೆಂದರೆ ಅವಳಿಗೇ ಖಾತ್ರಿ ಇರಲಿಲ್ಲ. ಅದನ್ನು ಒಂದೇ ಒಂದು ಸಲ ನನ್ನ ಹತ್ತಿರ ಹೇಳಿದಳು. "ಎಡಗಡೆ ಬಿಗಿದು ಗೆರೆ ಎಳ್ದಿದ್ದು ನೆನಪಿದೆ ಕಣೋ. ಬಲಗಡೆದು ನೆನಪಿಲ್ಲ. ಅಷ್ಟೊತ್ತಿಗೆ ಯಾರೋ ಕರೆದ್ರು. ಎಳ್ದೆನೋ ಇಲ್ವೋ."

ಅವಳನ್ನು ತಿಂದದ್ದು ಅದು. ನಾವಿಬ್ಬರೂ ಸ್ವಂತ ಅಂಗಡಿ ಹಾಕಿದ ಮೇಲೆ ಪ್ರತಿ ಬೋಲ್ಟಿಗೂ ಮೂರು ಸಲ ಸ್ಪ್ಯಾನರ್ ಹಾಕುತ್ತಿದ್ದಳು. ಮನೆಯಲ್ಲಿ ಗ್ಯಾಸು ಮೂರು ಸಲ, ನಲ್ಲಿ ಮೂರು ಸಲ. ಸಂಜೆ ಅಂಗಡಿಯ ಶಟರ್ ಎಳೆದು ಬೀಗ ಹಾಕಿ, ಹತ್ತು ಹೆಜ್ಜೆ ನಡೆದು, ವಾಪಸ್ ಬಂದು ಬೀಗ ಜಗ್ಗುತ್ತಿದ್ದಳು. ಮತ್ತೆ ಹತ್ತು ಹೆಜ್ಜೆ, ಮತ್ತೆ ವಾಪಸ್. ನಾನು ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದೆ. ಮೊದಮೊದಲು ರೇಗುತ್ತಿದ್ದೆ, ಆಮೇಲೆ ಬಿಟ್ಟೆ.

ಹೋದ ವರ್ಷ ಒಂದು ಸೋಮವಾರ ನಮ್ಮ ಅಂಗಡಿಯ ಮುಂದೆ ಆ ಹಸಿರು ಕಾರು ಬಂದು ನಿಂತಿತು.

ಇಳಿದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. "ಸಡಿಲಕ್ಕನ ಅಂಗಡಿ ಇದೇನಾ?" ಎಂದು ಕೇಳಿದಳು, ಪಾಪ, ಅದೇ ಹೆಸರೆಂದುಕೊಂಡು. ಅಕ್ಕ ಕೈ ಒರೆಸುತ್ತಾ ಬಂದು, "ಹೌದು, ನಾನೇ," ಎಂದಳು. ಅವಳ ಕಣ್ಣು ಕಾರಿನ ಮೇಲಿತ್ತು. ಆ ಸಲ ಮಾತ್ರ ಚಪ್ಪಲಿ ನೋಡಲಿಲ್ಲ.

ಬಂದವಳು ಡಾಕ್ಟರ ಮಗಳು. ಕಾರು ಹದಿನೇಳು ವರ್ಷ ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿತ್ತಂತೆ. ಅಪ್ಪನ ಕಾರನ್ನು ಮತ್ತೆ ಓಡಿಸಬೇಕೆಂದು ಅವಳು ಹಟ ಹಿಡಿದು, ಯಜಮಾನನ ಗ್ಯಾರೇಜಿನಲ್ಲೇ ಮುಂಭಾಗ ರಿಪೇರಿ ಮಾಡಿಸಿದ್ದಳು. ಈಗ ಕಾರು ತಿರುವಿನಲ್ಲಿ ಹೆದರಿಸುತ್ತದೆ. "ಮೂರು ಸಲ ಅಲೈನ್‌ಮೆಂಟ್ ಮಾಡಿದ್ರು ಅಕ್ಕಾ, ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ರು. ಕೊನೆಗೆ ಹಳೇ ಕಾರು ಹಂಗೇನೇ, ಅಭ್ಯಾಸ ಮಾಡ್ಕೊಳ್ಳಿ ಅಂದ್ರು."

"ಯಾವಾಗ ಹೆದರಿಸುತ್ತೆ? ಕಾಲು ಕೊಟ್ಟಾಗ್ಲೋ, ಎತ್ತಿದಾಗ್ಲೋ?"

"ಎತ್ತಿದಾಗ."

"ಎಡಕ್ಕೋ, ಬಲಕ್ಕೋ?"

ಹುಡುಗಿ ಯೋಚಿಸಿದಳು. "ಬಲಕ್ಕೆ. ಎಡಕ್ಕೆ ಏನೂ ಆಗಲ್ಲ." ಅಕ್ಕ ನನ್ನ ಮುಖ ನೋಡಿದಳು.

ಆದರೂ ಅಕ್ಕ ಅವಸರ ಮಾಡಲಿಲ್ಲ. ಮೊದಲು ಟೈರು ನೋಡಿದಳು. ಮುಂದಿನವು ಹೊಸವು, ಹಿಂದಿನವು ಅಪಘಾತದ ದಿನ ಇದ್ದವೇ. ಗೀರುಗಳು ಸವೆದಿಲ್ಲ ಎಂದು ಯಜಮಾನನ ಕಡೆಯವರು ಹಾಗೇ ಬಿಟ್ಟಿದ್ದರು. ಉಗುರು ಊರಿದರೆ ಒಂದಿಷ್ಟೂ ತಗ್ಗುತ್ತಿರಲಿಲ್ಲ, ಒಣ ಸೌದೆಯ ಹಾಗೆ ಗಟ್ಟಿಯಾಗಿದ್ದವು. "ಇವನ್ನ ಇಟ್ಕೊಂಡು ಏನೇ ಹುಡುಕಿದ್ರೂ ಸುಳ್ಳು ಉತ್ತರಾನೇ ಸಿಗೋದು," ಎಂದು ಮೊದಲು ಎರಡು ಹೊಸ ಟೈರು ಹಾಕಿಸಿದಳು. ಗಾಳಿ ಸರಿಮಾಡಿದಳು. ಆಮೇಲೆ ನಾವು ಡ್ರೈವಿಂಗ್ ಸ್ಕೂಲಿನ ಖಾಲಿ ಮೈದಾನಕ್ಕೆ ಹೋದೆವು. ಅಕ್ಕ ಎಡಕ್ಕೆ ಹತ್ತು ಸುತ್ತು ಹೊಡೆದಳು, ಕಾಲೆತ್ತಿದಳು, ಏನೂ ಇಲ್ಲ. ಬಲಕ್ಕೆ ಸುತ್ತು ಹೊಡೆದು ನಿಧಾನದ ವೇಗದಲ್ಲೇ ಕಾಲೆತ್ತಿದಳು. ಹಿಂಭಾಗ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ತಾನೇ ಸ್ಟೀರಿಂಗ್ ತಿರುಗಿಸಿಕೊಂಡ ಹಾಗೆ ಹೊರಕ್ಕೆ ನಡೆಯಿತು. ಅಕ್ಕ ಹಿಡಿದು ಸರಿಮಾಡಿಕೊಂಡಳು. "ಅರ್ಧ ಕಾಯಿಲೆ ಟೈರಿಂದು, ಅದು ಹೋಯ್ತು. ಇದು ಬೇರೆ," ಎಂದಳು.

ಅಂಗಡಿಗೆ ಬಂದು ನನ್ನ ಮೆಷೀನಿನ ಮೇಲೆ ನಿಲ್ಲಿಸಿದೆವು. ನಾಲ್ಕೂ ಚಕ್ರ ಪುಸ್ತಕದಲ್ಲಿ ಹೇಳಿದಷ್ಟೇ ಇದ್ದವು. ಮುಂಚೆ ಅಲೈನ್‌ಮೆಂಟ್ ಮಾಡಿದವರು ಮೂರು ಸಲವೂ ಮೋಸಹೋದದ್ದು ಇಲ್ಲೇ. ಮೆಷೀನು ನಿಂತ ಕಾರನ್ನು ಅಳೆಯುತ್ತದೆ, ತಿರುವಿನಲ್ಲಿ ಕಾಲೆತ್ತಿದ ಕಾರನ್ನು ಅಳೆಯುವುದಿಲ್ಲ. ಅಕ್ಕ ಲಾರಿಯ ಸಾಮಾನು ಕಟ್ಟುವ ಬೆಲ್ಟು ತಂದು, ಬಲಗಡೆಯ ಹಿಂದಿನ ಚಕ್ರಕ್ಕೆ ಹಾಕಿ, ಹಿಂದಿನ ಕಂಬಕ್ಕೆ ಬಿಗಿದು ಎಳೆದಳು. ಓಡುವ ಕಾರಿನಲ್ಲಿ ಕಾಲೆತ್ತಿದಾಗ ಎಂಜಿನ್ನು ಚಕ್ರವನ್ನು ಹಿಂದಕ್ಕೆ ಜಗ್ಗುತ್ತದಲ್ಲ, ಹಾಗೆ. ನನ್ನ ಪರದೆಯ ಮೇಲೆ ಅಂಕಿ ಒಂದಿಷ್ಟು ಅಲ್ಲಾಡಿ ನಿಂತಿತು. ಎಡಗಡೆಯ ಚಕ್ರಕ್ಕೆ ಹಾಕಿ ಎಳೆದಳು. ಅಂಕಿ ಓಡತೊಡಗಿತು. ಚಕ್ರದ ಮೂತಿ ಹೊರಕ್ಕೆ ತಿರುಗುತ್ತಲೇ ಹೋಯಿತು. "ನಿಲ್ಸಕ್ಕ, ಸಾಕು," ಎಂದೆ.

ಕಾರನ್ನು ಲಿಫ್ಟಿಗೆ ಹಾಕಿದೆವು. ಅಕ್ಕ ಎಡಗಡೆಗೆ ಹೋಗಲಿಲ್ಲ. ನೇರವಾಗಿ ಬಲಗಡೆಯ ಬೋಲ್ಟಿನ ಕೆಳಗೆ ಹೋಗಿ ನಿಂತಳು. ಅದರ ಮೇಲೆ ಹದಿನೆಂಟು ವರ್ಷದ ಕೊಳೆ ಹೆಪ್ಪುಗಟ್ಟಿತ್ತು. ನಾನು ಥಿನ್ನರ್ ಡಬ್ಬ ತೆಗೆದುಕೊಂಡೆ. "ಅದು ಬೇಡ ಕಣೋ, ಬಣ್ಣಾನೂ ತಿಂದ್ಹಾಕುತ್ತೆ," ಎಂದು ಸೋಪಿನ ನೀರು, ಒಂದು ಹಳೆಯ ಟೂತ್‌ಬ್ರಷ್ಷು ತರಿಸಿದಳು. ಉಜ್ಜುತ್ತಾ ಹೋದಳು. ಕಪ್ಪು ನೀರು ಅವಳ ಮೊಣಕೈವರೆಗೂ ಇಳಿಯಿತು. ಐದು ನಿಮಿಷವೋ ಹತ್ತು ನಿಮಿಷವೋ.

ಗೆರೆ ಇತ್ತು. ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು, ಆದರೆ ನಟ್ಟಿನಿಂದ ಕಬ್ಬಿಣದವರೆಗೆ ಇಡಿಯಾಗಿ, ಒಂದೇ ಗೆರೆ. ಆ ಬೋಲ್ಟು ಅವಳು ಬಿಗಿದ ದಿನದಿಂದ ಸಡಿಲವಾಗಿರಲಿಲ್ಲ, ಅದನ್ನು ಮತ್ತೆ ಯಾರೂ ಬಿಗಿದಿರಲೂ ಇಲ್ಲ.

ಆಮೇಲೆ ಎಡಗಡೆಯದನ್ನು ಉಜ್ಜಿದಳು. ಅಲ್ಲಿ ಗೆರೆ ಮುರಿದಿತ್ತು, ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಟಾರ್ಚ್ ಹಿಡಿದು ಬುಷ್ ನೋಡಿದಳು. ಅವಳು ಹಾಕಿದ್ದ ಹೊಸ ಬುಷ್ ಅದಲ್ಲ. ಅವಳೇ ಬಿಚ್ಚಿ ಕಸದ ಡಬ್ಬಕ್ಕೆ ಹಾಕಿದ್ದ ಹಳೆಯದು, ಬಿರುಕು ಬಿಟ್ಟಿದ್ದು. ಯಾರೋ ಅದನ್ನೇ ಮತ್ತೆ ತುರುಕಿ, ಚಕ್ರ ನೇತಾಡುವಾಗಲೇ ಬಿಗಿದಿದ್ದರು. ರಬ್ಬರು ತಿರುಚಿ ಉದ್ದಕ್ಕೂ ಹರಿದಿತ್ತು.

ಅಕ್ಕ ಅಳಲಿಲ್ಲ. ಡ್ರಮ್ಮಿನ ಮೇಲೆ ಕೂತು ತನ್ನ ಎರಡೂ ಕೈಗಳನ್ನು ಮುಂದಿಟ್ಟುಕೊಂಡು ನೋಡಿದಳು. ನಾನೇ ಅತ್ತುಬಿಟ್ಟೆ, ಅಳುತ್ತಲೇ ಸ್ಪ್ಯಾನರ್ ತೆಗೆದುಕೊಂಡೆ. "ಎಲ್ಲಿಗೆ?" ಎಂದಳು. "ಅವನ ತಲೆ ಒಡೆಯೋಕೆ." "ಕೂತ್ಕೋ."

"ಎಲ್ಲರನ್ನೂ ಕರೆದು ಈ ಗೆರೆ ತೋರಿಸೋಣ ಹಾಗಾದ್ರೆ," ಎಂದೆ.

"ತೋರಿಸಿದ್ರೆ, ನೀನೇ ನಿನ್ನೆ ಹಚ್ಕೊಂಡಿದ್ದು ಅಂತಾರೆ. ಉಗುರುಬಣ್ಣ ನಂದು, ಅಂಗಡಿ ನಂದು. ಎಡಗಡೆ ಅನ್ನೋ ಮಾತು ಯಜಮಾನ್ರ ಬಾಯಿಂದಾನೇ ಬರ್ಬೇಕು."

"ಬರುತ್ತಾ? ಮರ್ತೇ ಬಿಟ್ಟಿರ್ತಾನೆ."

"ಮರ್ತಿದ್ರೆ ಬಿಟ್ಬಿಡ್ತೀನಿ," ಎಂದಳು ಅಕ್ಕ. "ನೆನಪಿದ್ರೆ, ಅದೇ ಬುಷ್ ಇಟ್ಕೊಂಡು ಈ ಹುಡುಗೀನ ರಸ್ತೆಗೆ ಬಿಟ್ಟಿದ್ದಾರೆ ಅಂತ ಅರ್ಥ. ಆಗ ಬಿಡಲ್ಲ." ಅವಳು ಹಾಗೆ ಹಲ್ಲು ಕಚ್ಚಿ ಮಾತಾಡಿದ್ದನ್ನು ನಾನು ಅಷ್ಟು ವರ್ಷದಲ್ಲಿ ಕೇಳಿರಲಿಲ್ಲ. ನನಗೆ ಖುಷಿಯಾಯಿತು, ನಿಜ ಹೇಳುತ್ತೇನೆ.

ಡಾಕ್ಟರ ಮಗಳಿಗೆ ಎಲ್ಲ ತೋರಿಸಿ ಹೇಳಿದೆವು. ಅವಳು ಬಿಳಿಚಿಕೊಂಡಳು. ಸರಿಮಾಡುವವರೆಗೆ ಕಾರು ನಮ್ಮಲ್ಲೇ ಇರಲಿ, ಭಾನುವಾರದವರೆಗೆ ಸಮಯ ಕೊಡಿ ಎಂದು ಅಕ್ಕ ಕೇಳಿಕೊಂಡಳು. ಭಾನುವಾರ ಬೆಳಗ್ಗೆ ಸಂಘದವರು ಸೇರುತ್ತಾರೆ. ಸಂಘದ ಕಚೇರಿ ಇರುವುದು ಆ ಮೈದಾನದ ಪಕ್ಕದಲ್ಲೇ. ಯಜಮಾನ ಈಗ ಅಧ್ಯಕ್ಷ.

ಭಾನುವಾರ ಹತ್ತು ಗಂಟೆಗೆ ಮೈದಾನದಲ್ಲಿ ಹದಿನೈದಿಪ್ಪತ್ತು ಜನ ಇದ್ದರು. ಡಾಕ್ಟರೂ ಬಂದಿದ್ದರು, ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು. ಕಾರಿನ ಟಾಪು ಮಡಚಿತ್ತು. ಸ್ಟೀರಿಂಗಿನ ಹಿಂದೆ ಅಕ್ಕ. ಡಾಕ್ಟರ ಮಗಳೇ ಹೋಗಿ ಯಜಮಾನನನ್ನು ಕರೆತಂದಳು. ಅದೇ ಬಿಳಿ ಅಂಗಿ, ಹೊಟ್ಟೆ ಇನ್ನಷ್ಟು ಮುಂದೆ.

"ಏನಮ್ಮಾ, ಇನ್ನೂ ಕೆಲಸ ಮಾಡ್ತಾ ಇದ್ದೀಯಾ?"

"ನಿಮ್ಮ ದಯೆ ಯಜಮಾನ್ರೇ. ಈ ಕಾರಿಗೇನಾಗಿದೆ ಅಂತ ತಿಳೀತಾ ಇಲ್ಲ. ಕೈ ಸಡಿಲ ಅಲ್ವಾ, ಕಿವೀನೂ ಸಡಿಲ ಆಗಿರ್ಬೇಕು. ನೀವು ಪಕ್ಕದಲ್ಲಿ ಕೂತು ಒಂದ್ಸಲ ನೋಡಿ."

ಜನ ನಕ್ಕರು. ಅವನೂ ನಕ್ಕ. ಹತ್ತಿ ಕೂತ, ಎಡಗಡೆಯ ಸೀಟಿನಲ್ಲಿ, ಹರಿದ ಬುಷ್ಷಿನ ಆ ಚಕ್ರದ ಮುಂದೆಯೇ. ಅಕ್ಕ ಅವನಿಗೆ ಬೆಲ್ಟು ಹಾಕಿಸಿ, ಮೂರು ಸಲ ಜಗ್ಗಿ ನೋಡಿದಳು.

ಮೊದಲು ಎಡಕ್ಕೆ ಸುತ್ತಿದಳು. ಆಮೇಲೆ ಬಲಕ್ಕೆ. ಎರಡನೇ ಗೇರು, ಮೂರನೇ ಗೇರು. ಸುತ್ತು ಒಂದೇ ಸಮ, ಕಾಲು ಒಂದೇ ಸಮ. ಒಳಗೆ ನಡೆದ ಮಾತನ್ನು ಅವಳು ಆಮೇಲೆ ನನಗೆ ಹೇಳಿದಳು.

"ಏನೂ ಇಲ್ವಲ್ಲಮ್ಮ, ಹಳೇ ಕಾರು ಹಂಗೇನೇ."

"ಹೌದಾ? ಹಾಗಾದ್ರೆ ಕಾಲು ಎತ್ತಲಾ?"

"ಬೇಡ."

"ಯಾಕೆ? ಏನೂ ಇಲ್ಲ ಅಂದ್ರಲ್ಲ."

"ಬೇಡ ಅಂದ್ನಲ್ಲ. ನಿಧಾನಕ್ಕೆ ನಿಲ್ಸು."

"ಬಲಗಡೆ ಬೋಲ್ಟು ತಾನೇ ಸಡಿಲ ಇದ್ದಿದ್ದು? ಅದನ್ನ ನೀವೇ ಬಿಗಿದಿದೀರ. ಇನ್ನೇನು ಭಯ?"

"ಬಲಗಡೆ ಅಲ್ಲ ಕಣೇ! ಎಡಗಡೆ!"

ಅಕ್ಕ ಕಾಲೆತ್ತಿದಳು.

ನಾವು ಕಂಡದ್ದು ಇಷ್ಟು. ಹಸಿರು ಕಾರು ಇದ್ದಕ್ಕಿದ್ದಂತೆ ಹಿಂದುಮುಂದಾಗಿ, ಒಂದು ಪೂರ್ತಿ ಸುತ್ತು, ಇನ್ನೊಂದು ಅರ್ಧ ಸುತ್ತು ತಿರುಗಿ, ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತು. ಎಂಜಿನ್ ಆಫ್ ಆಯಿತು. ಧೂಳು ಮೇಲೆದ್ದಿತು. ಆ ನಿಶ್ಶಬ್ದದಲ್ಲಿ, ಧೂಳಿನೊಳಗಿಂದ, ಎಂಜಿನ್ ಸದ್ದನ್ನು ಮೀರಿಸಲು ಕಿರುಚುತ್ತಿದ್ದ ಗಂಟಲಿನಲ್ಲೇ ಯಜಮಾನನ ದನಿ ಬಂತು:

"ಎಡಗಡೆ ಅಂತ ಹೇಳಿದ್ರೂ ಯಾಕೆ ಕಾಲು ಎತ್ತಿದ್ಯೇ, ಅಲ್ಲಿರೋದು ಹಳೇ ಬುಷ್!"

ಸಂಘದಲ್ಲಿ ಎಲ್ಲರಿಗಿಂತ ಹಿರಿಯ, ಲೇತ್ ಕೆಲಸದ ಅಜ್ಜ, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. "ಎಡಗಡೆನಾ ಯಜಮಾನ್ರೇ?" ಎಂದ. "ಬೋರ್ಡಲ್ಲಿ ಬಲಗಡೆ ಅಂತ ಬರ್ದಿದ್ರಲ್ಲ."

ಯಜಮಾನ ಬೆಲ್ಟು ಬಿಚ್ಚಲು ತಡಕಾಡುತ್ತಿದ್ದ. ಅದನ್ನು ನಾನು ಕಣ್ತುಂಬ ನೋಡಿದೆ. ಆಮೇಲೆ ಬಾಯಿಂದ ಒಂದೊಂದೇ ಹೊರಬಿತ್ತು. ಅವತ್ತು ಬೇರೊಬ್ಬರ ಕಾರು ಅರ್ಜೆಂಟಾಗಿ ಹೋಗಬೇಕಿತ್ತು, ಬುಷ್ ಇರಲಿಲ್ಲ, ಇದರದ್ದು ಒಂದು ತೆಗೆದು ಅದಕ್ಕೆ ಹಾಕಿದೆ, ವಾರದಲ್ಲಿ ಹೊಸದು ಬಂದ ಮೇಲೆ ಹಾಕುವವನಿದ್ದೆ, ಅಷ್ಟರಲ್ಲಿ ಹೀಗಾಯಿತು. ಹೀಗಾಯಿತಂತೆ. ತಾನಾಗಿ ಆದದ್ದು, ಇವನು ಮಾಡಿದ್ದಲ್ಲ!

"ಮತ್ತೆ ನನ್ನ ಮಗಳ ಕೈಗೆ ಹಾಗೇ ಕೊಟ್ರಿ," ಎಂದರು ಡಾಕ್ಟರು. ಅವರು ಜೋರಾಗಿ ಮಾತಾಡಲಿಲ್ಲ.

"ಬಿಚ್ಚಿದ್ರೆ ಎಲ್ಲ ಹೊರಗೆ ಬರ್ತಿತ್ತು ಡಾಕ್ಟ್ರೇ..."

ಅಕ್ಕ ಕಾರಿನಿಂದಿಳಿದು ಹಿಂದಿನ ಡಿಕ್ಕಿಯಿಂದ ಹೊಸ ಬುಷ್, ಸ್ಪ್ಯಾನರು, ಜಾಕು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟಳು. "ತೆಗ್ದಿದ್ದು ನೀವೇ ಯಜಮಾನ್ರೇ. ಹಾಕೋದೂ ನೀವೇ."

ಅವನು ಸುತ್ತ ನೋಡಿದ. ಯಾರಾದರೂ ಬೇಡ ಅನ್ನುತ್ತಾರೇನೋ ಎಂದು. ಡಾಕ್ಟರು ಜೇಬಿನಿಂದ ಬಲಗೈ ತೆಗೆದು ಅವನ ಮುಖದ ಮುಂದೆ ಹಿಡಿದರು. ಬೆರಳುಗಳು ಅರ್ಧಕ್ಕೇ ಮಡಚಿ ನಿಂತಿದ್ದವು. "ನನ್ನ ಕೈಲಿ ಆಗಲ್ಲ," ಎಂದರು. "ನೀವು ಮಾಡಿ."

ಎರಡು ಗಂಟೆ ಹಿಡಿಯಿತು. ಒಬ್ಬನೂ ಮನೆಗೆ ಹೋಗಲಿಲ್ಲ. ಬಿಚ್ಚುವ ಮುನ್ನ ಲೇತ್ ಅಜ್ಜ ಟಾರ್ಚ್ ಹಿಡಿದು ಎರಡೂ ಗೆರೆಗಳನ್ನು ನೋಡಿ, ಒಬ್ಬೊಬ್ಬರನ್ನೇ ಕರೆದು ತೋರಿಸಿದ. ಹಳೆಯ ಬುಷ್ ಕೈಗೆ ಬಂದಾಗ ಎರಡು ತುಂಡಾಗಿತ್ತು. ಹೊಸದನ್ನು ಅಜ್ಜನೇ ಸಂಘದ ಕಚೇರಿಯ ವೈಸ್ ಎಂಬ ಇಕ್ಕಳದಲ್ಲಿ ಒತ್ತಿ ಆರ್ಮಿಗೆ ಕೂರಿಸಿಕೊಟ್ಟ. ಯಜಮಾನ ಅದನ್ನು ಜೋಡಿಸಿ, ಚಕ್ರ ಇನ್ನೂ ನೇತಾಡುತ್ತಿರುವಾಗಲೇ ಅಭ್ಯಾಸಬಲದಿಂದ ಬೋಲ್ಟಿಗೆ ಸ್ಪ್ಯಾನರ್ ಹಾಕಿದ.

"ಕಾಲೂರಿಸಿ," ಎಂದಳು ಅಕ್ಕ.

ಜಾಕು ಇಳಿಯಿತು. ಕಾರು ನೆಲದ ಮೇಲೆ ನಿಂತಿತು. ಯಜಮಾನ ಬಿಳಿ ಅಂಗಿಯಲ್ಲೇ ಮಣ್ಣಿನ ಮೇಲೆ ಅಂಗಾತ ಮಲಗಿ, ತೆವಳುತ್ತಾ, ಹೊಟ್ಟೆ ಸಿಕ್ಕಿಕೊಂಡು ಏದುಸಿರು ಬಿಡುತ್ತಾ ಒಳಗೆ ಹೋದ. ಬಿಗಿದ. ಅಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಇನ್ನೊಂದ್ಸಲ," ಎಂದಳು. ಬಿಗಿದ. "ಇನ್ನೊಂದ್ಸಲ." ಆಮೇಲೆ ಬಗ್ಗಿ, ಉಗುರುಬಣ್ಣದ ಶೀಶೆ ತೆರೆದು, ಅವನ ಮೂಗಿನ ಮೇಲಿನಿಂದ ಕೈಚಾಚಿ ಗೆರೆ ಎಳೆದಳು. ಅವನು ಹೊರಬರುವಾಗ ಅಂಗಿಯ ಬೆನ್ನು ಪೂರ್ತಿ ಕಪ್ಪಾಗಿತ್ತು. ಯಾರೂ ಕೈಕೊಟ್ಟು ಎಬ್ಬಿಸಲಿಲ್ಲ. ನಾನಂತೂ ಎರಡೂ ಕೈ ಕಟ್ಟಿಕೊಂಡು ನಿಂತಿದ್ದೆ.

ಬುಷ್ಷಿನ ಎರಡು ತುಂಡುಗಳನ್ನು ತಂತಿಯಿಂದ ಕಟ್ಟಿ ಅಕ್ಕ ಸಂಘದ ನೋಟಿಸ್ ಬೋರ್ಡಿಗೆ ನೇತುಹಾಕಿದಳು. ಕೆಳಗೆ ಉಗುರುಬಣ್ಣದಿಂದ ಒಂದೇ ಪದ ಬರೆದಳು: ಎಡಗಡೆ. ಈಗಲೂ ಅದು ಅಲ್ಲೇ ಇದೆ. ಯಜಮಾನ ಅಧ್ಯಕ್ಷಗಿರಿ ಬಿಟ್ಟ. ಅವನನ್ನು ಈಗ ಯಾರೂ ಯಜಮಾನ್ರು ಎನ್ನುವುದಿಲ್ಲ, ಎಡಗಡೆ ಎನ್ನುತ್ತಾರೆ. ಮೊನ್ನೆ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಫೋನಿನಲ್ಲಿ "ಎಡಗಡೆಯವರ ಗ್ಯಾರೇಜಿಗೆ ಕಳ್ಸಿದೀನಿ" ಅನ್ನುವುದನ್ನು ನಾನೇ ಕೇಳಿದೆ, ಕೇಳಿ ಇನ್ನೊಂದು ಕಾಫಿ ತರಿಸಿ ಕುಡಿದೆ.

ಹೊರಡುವಾಗ ಡಾಕ್ಟರು ಅಕ್ಕನ ಹತ್ತಿರ ಬಂದಿದ್ದರು. "ಇಷ್ಟು ವರ್ಷ ನಿಮ್ಮ ಅಂಗಡಿ ಬಂದ್ರೆ ರಸ್ತೆ ದಾಟಿ ಆ ಕಡೆ ಹೋಗ್ತಿದ್ದೆ," ಎಂದರು.

"ನೋಡಿದ್ದೀನಿ," ಎಂದಳು ಅಕ್ಕ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಗೋಡೆಗೆ ಒರಗಿ ಕೂತು, ಅಂಗಿ ಕಪ್ಪಾದ ಭಾಗವನ್ನು ಎರಡು ಸಲ ಹೇಳಿಸಿಕೊಂಡಳು. "ಅತ್ನಾ?" ಎಂದು ಕೇಳಿದಳು. ಇಲ್ಲ ಎಂದೆ. "ಛೆ," ಎಂದಳು. ಅವನನ್ನು ಕ್ಷಮಿಸಿದಿರಾ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯ ಉತ್ತರ ಅದೇ.

ಮರುದಿನ ಸೋಮವಾರ, ಎಂದಿನ ಹಾಗೆ ಕೆಲಸ. ಎರಡು ವ್ಯಾನು, ಒಂದು ಟ್ಯಾಕ್ಸಿ. ಸಂಜೆ ಅಕ್ಕ ಶಟರ್ ಎಳೆದು ಬೀಗ ಹಾಕಿ, ಬೀಗದ ಕೈ ಚೀಲಕ್ಕೆ ಹಾಕಿಕೊಂಡಳು. ನಾನು ಸ್ಕೂಟರಿನ ಮೇಲೆ ಕೂತು ಮೊಬೈಲ್ ತೆಗೆದೆ. ಹತ್ತು ಹೆಜ್ಜೆ, ವಾಪಸ್, ಮತ್ತೆ ಹತ್ತು ಹೆಜ್ಜೆ. ಅಷ್ಟು ಹೊತ್ತು ಆಗುತ್ತದೆ ಎಂದು ನನಗೆ ಗೊತ್ತು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ ನೋಡಿದರೆ ಶಟರಿನ ಮುಂದೆ ಯಾರೂ ಇರಲಿಲ್ಲ. ಅಕ್ಕ ರಸ್ತೆಯ ಕೊನೆಯಲ್ಲಿದ್ದಳು, ತಿರುವಿನ ಹತ್ತಿರ.

"ಏ, ಬರ್ತೀಯೋ ಇಲ್ವೋ?" ಎಂದು ಕೂಗಿದಳು.

ನಾನು ಇಳಿದು ಹೋಗಿ ಬೀಗ ಜಗ್ಗಿ ನೋಡಿದೆ. ಬಿಗಿಯಾಗಿತ್ತು.